ಮಂಗಳವಾರ ರಾತ್ರಿಯ ಹಬ್ಬದೂಟ

ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾಗ ಒಂದು ಮಂಗಳವಾರ ರಾತ್ರಿ ತಟ್ಟೆ ಮುಂದೆ ಕೂತು, "ಏನೇ, ಇವತ್ತು ಯಾವ ಹಬ್ಬ?" ಅಂತ ಕೇಳಿದಳು. ತಟ್ಟೆಯಲ್ಲಿದ್ದದ್ದು ಪನೀರ್ ಬಟರ್ ಮಸಾಲ, ಫ್ರೋಜನ್ ಪರೋಟ, ಜೀರಾ ರೈಸು, ಪಕ್ಕಕ್ಕೆ ಎರಡು ಜಾಮೂನು. ಜಾಮೂನು ಶನಿವಾರದ ಪಾರ್ಟಿಯಲ್ಲಿ ಮಿಕ್ಕಿದ್ದು. ಅಮ್ಮ ಕೊಂಕು ಮಾತಿಗೆ ಕೇಳಿರಲಿಲ್ಲ. ಹಗಲು ರಾತ್ರಿ ಅದಲುಬದಲಾಗಿ, ಕ್ಯಾಲೆಂಡರ್ ಕಣ್ಣಿಗೆ ಬೀಳದೆ, ತಾನು ಯಾವುದೋ ಹಬ್ಬ ಮರೆತೆನೇನೋ ಅಂತ ನಿಜಕ್ಕೂ ಗಾಬರಿಯಾಗಿದ್ದಳು. "ಹಬ್ಬ ಏನಿಲ್ಲಮ್ಮ, ಸುಮ್ನೆ ಮಾಡಿದ್ದು" ಅಂದೆ. ಅವಳು ನನ್ನ ಮುಖ ಒಮ್ಮೆ ನೋಡಿ, ಒಂದು ಜಾಮೂನನ್ನು ಮೆಲ್ಲಗೆ ನನ್ನ ಗಂಡನ ತಟ್ಟೆಗೆ ದಾಟಿಸಿ, ಊಟ ಶುರು ಮಾಡಿದಳು.

ಹೊರದೇಶಕ್ಕೆ ಬಂದವರು ದಪ್ಪ ಆಗುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ರಜೆಗೆ ಊರಿಗೆ ಹೋದರೆ ಬ್ಯಾಗ್ ಇಳಿಸುವ ಮೊದಲೇ "ಚೆನ್ನಾಗಿ ಗುಂಡುಗುಂಡಗೆ ಆಗಿದ್ದೀಯ" ಅಂತ ಸ್ವಾಗತ ಸಿಗುತ್ತದೆ. ಕಾರಣವೂ ಎಲ್ಲರ ಬಾಯಲ್ಲಿ ಸಿದ್ಧವಾಗಿರುತ್ತದೆ. ಪಿಜ್ಜಾ, ಬರ್ಗರ್, ಕೋಕು. ಆದರೆ ನಮ್ಮ ಮನೆಯಲ್ಲಿ ಬರ್ಗರ್ ಅಪರೂಪ. ಪಿಜ್ಜಾ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಕೋಕು ಇಬ್ಬರಿಗೂ ಸೇರುವುದಿಲ್ಲ. ರಾತ್ರಿ ಊಟ ಅಂದರೆ ಇವತ್ತಿಗೂ ಅನ್ನ, ಸಾರು, ಚಪಾತಿ, ಪಲ್ಯ. ಹೀಗಿದ್ದೂ ಬಂದ ಕೆಲವೇ ವರ್ಷಗಳಲ್ಲಿ ಇಬ್ಬರ ಪ್ಯಾಂಟಿನ ಸೈಜೂ ಮೇಲೆ ಹೋಯಿತು. ಅಮ್ಮನ ಪ್ರಶ್ನೆ ನನ್ನನ್ನು ಕೊರೆಯತೊಡಗಿದ್ದು ಅದಕ್ಕೇ. ನಾವು ನಮ್ಮ ಊಟವನ್ನೇ ತಿನ್ನುತ್ತಿದ್ದೆವು. ಹಾಗಾದರೆ ಈ ತೂಕ ಎಲ್ಲಿಂದ ಬಂತು?

ಬಂದಾಗ ತೆಳ್ಳಗೆ

ಇದು ನಮ್ಮೊಬ್ಬರ ಕಥೆ ಅಲ್ಲ ಅನ್ನೋದಕ್ಕೆ ಲೆಕ್ಕಗಳಿವೆ. ಅಮೆರಿಕದ ಆರೋಗ್ಯ ಸಮೀಕ್ಷೆಯೊಂದರ 2000ನೇ ಇಸವಿಯ ಅಂಕಿಗಳನ್ನು ಇಟ್ಟುಕೊಂಡು 2004ರಲ್ಲಿ ಒಂದು ಅಧ್ಯಯನ ಬಂತು. ಬಂದು ಒಂದು ವರ್ಷವೂ ಆಗದ ವಲಸಿಗರಲ್ಲಿ ಬೊಜ್ಜು ಇದ್ದವರು ಶೇಕಡಾ 8. ಹದಿನೈದು ವರ್ಷ ದಾಟಿದವರಲ್ಲಿ ಶೇಕಡಾ 19. ಇಲ್ಲೇ ಹುಟ್ಟಿ ಬೆಳೆದವರಲ್ಲಿ ಶೇಕಡಾ 22. ಅಂದರೆ ಬರುವಾಗ ತೆಳ್ಳಗೆ ಬರುತ್ತಾರೆ, ಇರುತ್ತಾ ಇರುತ್ತಾ ಇಲ್ಲಿನವರ ಹತ್ತಿರ ಹೋಗುತ್ತಾರೆ. 2006ರ ಇನ್ನೊಂದು ಅಧ್ಯಯನ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ನೋಡಿತು. ವಲಸೆ ಬಂದ ಹೆಂಗಸರು ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಇಲ್ಲಿನ ಹೆಂಗಸರ ಮಟ್ಟ ಮುಟ್ಟಿಬಿಡುತ್ತಾರೆ. ಗಂಡಸರು ಹದಿನೈದು ವರ್ಷದಲ್ಲಿ ಆ ಅಂತರದ ಮೂರನೇ ಒಂದು ಭಾಗವನ್ನಷ್ಟೇ ತುಂಬುತ್ತಾರೆ. ಹೆಂಗಸರು ಯಾಕೆ ಇಷ್ಟು ಬೇಗ ಅನ್ನೋದಕ್ಕೆ ನನ್ನದೇ ಒಂದು ಊಹೆ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಇನ್ನೂ ಅವಸರದಲ್ಲಿರುತ್ತವಂತೆ. ಥಾಯ್ಲೆಂಡಿನಲ್ಲಿರುವ ಮತ್ತು ಅಮೆರಿಕದ ಮಿನೆಸೋಟಕ್ಕೆ ಬಂದು ನೆಲೆಸಿದ, ಆಗ್ನೇಯ ಏಷ್ಯಾ ಮೂಲದ ಮೊಂಗ್ ಮತ್ತು ಕರೆನ್ ಸಮುದಾಯದ ಐನೂರಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷೆ ಮಾಡಿದ್ದರು. 2018ರಲ್ಲಿ ಅದು ಪ್ರಕಟವಾಯಿತು. ನಾರಿನ ಅಂಶವನ್ನು ಅರಗಿಸಲು ನೆರವಾಗುವ ಪ್ರೆವೊಟೆಲ್ಲಾ ಅನ್ನೋ ಗುಂಪು ಕಡಿಮೆಯಾಗಿ, ಆ ಜಾಗಕ್ಕೆ ಇಲ್ಲಿನವರಲ್ಲಿ ಜಾಸ್ತಿ ಇರುವ ಬ್ಯಾಕ್ಟೀರಾಯ್ಡಿಸ್ ಬಂದು ಕೂರುತ್ತದೆ. ಬದಲಾವಣೆ ಶುರುವಾಗುವುದು ಬಂದ ಒಂದು ವರ್ಷದೊಳಗೇ. ಮಕ್ಕಳ ತಲೆಮಾರಿನಲ್ಲಿ ಅದು ಇನ್ನೂ ಮುಂದಕ್ಕೆ ಹೋಗಿರುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಾವು ವರ್ಷಗಟ್ಟಲೆ ಕಾಯುತ್ತೇವೆ, ನಮ್ಮ ಕರುಳಿಗೆ ಮಾತ್ರ ಕೂಡಲೇ ಸಿಗುತ್ತದೆ.

ಆದರೆ ನನ್ನ ಪ್ರಶ್ನೆಗೆ ಹತ್ತಿರ ಬಂದದ್ದು ಬೇರೊಂದು ಅಧ್ಯಯನ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಮತ್ತು ಶಿಕಾಗೋದಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಕಡೆಯ ಒಂಬೈನೂರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು 2010ರಲ್ಲಿ ಶುರುವಾದ ಅಧ್ಯಯನ ಅದು. ಹೆಸರು ಮಸಾಲಾ. ಇಂಗ್ಲಿಷಿನ ಮೊದಲಕ್ಷರಗಳನ್ನು ಎಳೆದಾಡಿ ಹೊಂದಿಸಿದ ಹೆಸರು, ಆದರೂ ಮಜವಾಗಿದೆ. ಈ ಜನ ಏನು ತಿನ್ನುತ್ತಾರೆ ಅಂತ ವಿವರವಾಗಿ ಕೇಳಿ ನೋಡಿದಾಗ ಮೂರು ಬಗೆಯ ಊಟ ಎದ್ದು ಕಂಡಿತು. ಮೊದಲನೆಯದು ಮಾಂಸದ ಕಡೆ ವಾಲಿದ್ದು. ಎರಡನೆಯದು ಹಣ್ಣು, ತರಕಾರಿ, ಬೇಳೆಕಾಳು, ಬಾದಾಮಿ ಗೋಡಂಬಿಯ ಥರದ್ದು. ಮೂರನೆಯದು ಕರಿದ ತಿಂಡಿ, ಸಿಹಿ ಮತ್ತು ಕೆನೆಭರಿತ ಹಾಲಿನ ಪದಾರ್ಥ. ಮಾಂಸ ಜಾಸ್ತಿ ಇದ್ದವರಲ್ಲಿ ತೂಕ, ಸೊಂಟದ ಸುತ್ತಳತೆ ಮತ್ತು ಕೊಲೆಸ್ಟರಾಲ್ ಹೆಚ್ಚಿತ್ತು. ಕರಿದದ್ದು ಮತ್ತು ಸಿಹಿಯ ಗುಂಪಿನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಒಳ್ಳೆ ಕೊಲೆಸ್ಟರಾಲೂ ಕಡಿಮೆ. ಆ ಮೂರನೆಯ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಸಮೋಸ, ಪಕೋಡ, ಜಾಮೂನು, ಪನೀರು, ತುಪ್ಪ. ಅದರಲ್ಲಿ ಅಮೆರಿಕ ಎಲ್ಲಿದೆ? ಅದು ನಮ್ಮ ಮಂಗಳವಾರದ ತಟ್ಟೆ.

ವಿಮಾನ ಹತ್ತದೆ ಉಳಿದದ್ದು

ಊರಲ್ಲಿ ಇದೇ ತಿಂಡಿಗಳನ್ನು ತಿನ್ನುತ್ತಿರಲಿಲ್ಲವಾ? ತಿನ್ನುತ್ತಿದ್ದೆವು. ಆದರೆ ಪ್ರತಿಯೊಂದರ ಮುಂದೆ ಒಂದು ಅಡ್ಡಿ ಇರುತ್ತಿತ್ತು. ಆಗ ಅದು ಅಡ್ಡಿ ಅಂತ ಅನಿಸುತ್ತಲೇ ಇರಲಿಲ್ಲ. ಹೋಳಿಗೆ ಬೇಕು ಅಂದರೆ ಬೇಳೆ ಬೇಯಿಸಿ, ಬಸಿದು, ಹೂರಣ ರುಬ್ಬಿ, ಕಣಕ ನಾದಿ, ಒಬ್ಬರು ತಟ್ಟುತ್ತಾ ಇನ್ನೊಬ್ಬರು ಬೇಯಿಸುತ್ತಾ ಅರ್ಧ ದಿನ ಹೋಗುತ್ತಿತ್ತು. ಹಾಗಾಗಿ ಯುಗಾದಿಗೆ ಮಾಡುತ್ತಿದ್ದರು, ಗೌರಿ ಹಬ್ಬಕ್ಕೆ ಮಾಡುತ್ತಿದ್ದರು, ಮುಗಿಯಿತು. ಮಾವಿನಹಣ್ಣು ಬೇಸಿಗೆಯಲ್ಲಿ ಬರುತ್ತಿತ್ತು, ಮಳೆ ಹಿಡಿದರೆ ಹೋಗುತ್ತಿತ್ತು. ಎಣ್ಣೆ ಕಾಯಿಸಬೇಕಾದರೆ ಮನೆಯಲ್ಲಿ ಯಾರಾದರೂ ಒಬ್ಬರು "ಇವತ್ತು ಯಾಕೆ?" ಅಂತ ಕೇಳುತ್ತಿದ್ದರು. ಕರಿದ ಎಣ್ಣೆ ಮಿಕ್ಕರೆ ಏನು ಮಾಡೋದು ಅನ್ನೋ ಚಿಂತೆ ಇತ್ತು. ದುಡ್ಡಿನ ಲೆಕ್ಕ ಇತ್ತು. ತಿಂಗಳ ಕೊನೆ ಇತ್ತು. ಗುರುವಾರ, ಶನಿವಾರ, ಏಕಾದಶಿ ಇತ್ತು. (ಏಕಾದಶಿ ಉಪವಾಸ ಅಂತ ಹೇಳಿ ಮೂರು ಬಟ್ಟಲು ಅವಲಕ್ಕಿ ಉಪ್ಪಿಟ್ಟು ಹೊಡೆಯುವವರು ಅಲ್ಲೂ ಇದ್ದರು ಬಿಡಿ. ಆದರೂ ಆ ದಿನ ಒಂದು ಹೊತ್ತಿನ ಅನ್ನವಾದರೂ ತಪ್ಪುತ್ತಿತ್ತು.)

ಇಲ್ಲಿಗೆ ಬರುವಾಗ ರುಚಿ ನಮ್ಮ ಜೊತೆ ವಿಮಾನ ಹತ್ತಿತು. ಈ ಅಡ್ಡಿಗಳು ಹತ್ತಲಿಲ್ಲ. ದೇಸಿ ಸ್ಟೋರಿನ ಫ್ರೀಜರ್ ಸಾಲಿನಲ್ಲಿ ಹೋಳಿಗೆ ವರ್ಷವಿಡೀ ಇದೆ. ಪರೋಟ ಇದೆ, ಸಮೋಸ ಇದೆ, ಮಸಾಲೆ ದೋಸೆಯೂ ಇದೆ. ತುರಿದ ತೆಂಗಿನಕಾಯಿ ಇಟ್ಟಿಗೆ ಥರ ಪ್ಯಾಕ್ ಆಗಿ ಸಿಗುತ್ತದೆ. ಮಾವಿನ ತಿರುಳು ಡಬ್ಬಿಯಲ್ಲಿ ಜನವರಿಯಲ್ಲೂ ಸಿಗುತ್ತದೆ. ಸಂಬಳಕ್ಕೆ ಹೋಲಿಸಿದರೆ ತುಪ್ಪ, ಗೋಡಂಬಿ, ಪನೀರು ಎಲ್ಲ ಅಗ್ಗ. ಊರಲ್ಲಿ ಪಾಯಸಕ್ಕೆ ಗೋಡಂಬಿಯನ್ನು ಸೀಳಿ, ತಲೆಗೆ ಎರಡು ಹೋಳು ಬರುವ ಹಾಗೆ ಹಾಕುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಇಲ್ಲಿ ಗೋದಾಮಿನಂಥ ಅಂಗಡಿಯಿಂದ ದೊಡ್ಡ ಡಬ್ಬಿ ತಂದು ಕೌಂಟರ್ ಮೇಲೆ ಇಟ್ಟಿರುತ್ತೇನೆ. ಹೋಗುವಾಗೊಂದು ಹಿಡಿ, ಬರುವಾಗೊಂದು ಹಿಡಿ. ಮುಖ್ಯವಾಗಿ "ಇವತ್ತು ಯಾಕೆ?" ಅಂತ ಕೇಳುವವರು ಮನೆಯಲ್ಲಿ ಇಲ್ಲ. ಅಮ್ಮ ಬಂದು ಕೇಳಿದಾಗ ನನಗೆ ಅಷ್ಟು ಚುರುಕು ಮುಟ್ಟಿದ್ದು, ಆ ಪ್ರಶ್ನೆ ಕೇಳಿ ವರ್ಷಗಳೇ ಆಗಿದ್ದವು ಅನ್ನೋ ಕಾರಣಕ್ಕೆ.

ಇನ್ನೂ ಒಂದು ವಿಷಯ ಇದೆ. ಊರು ಬಿಟ್ಟವರಿಗೆ ನೆನಪಾಗುವುದು ಹಬ್ಬದ ಊಟ. ಬಸ್ಸಾರು ಮುದ್ದೆಯೂ ನೆನಪಾಗುತ್ತದೆ, ಇಲ್ಲ ಅನ್ನಲ್ಲ. ಆದರೆ ಮನಸ್ಸು ಕೆಟ್ಟ ದಿನ, ಮ್ಯಾನೇಜರ್ ಹತ್ತಿರ ಮಾತು ಕೇಳಿ ಬಂದ ದಿನ, ಹೊರಗೆ ಐದೂವರೆಗೇ ಕತ್ತಲಾಗುವ ಡಿಸೆಂಬರ್ ಸಂಜೆ, ಬಾಯಿ ಬೇಡುವುದು ಬೋಂಡ, ಹೋಳಿಗೆ, ಬಿಸಿಬೇಳೆಬಾತಿನ ಮೇಲಿನ ತುಪ್ಪ. ಹುರುಳಿಕಾಳಿನ ಸಾರಿಗಾಗಿ ಅತ್ತವರನ್ನು ನಾನು ಇನ್ನೂ ನೋಡಿಲ್ಲ. ಹೀಗೆ ವರ್ಷಕ್ಕೆ ಹತ್ತು ಸಲ ತಿನ್ನುತ್ತಿದ್ದದ್ದು ವಾರಕ್ಕೆ ಎರಡು ಸಲ ಆಗುತ್ತದೆ. ಅದನ್ನೇ ನಾವು "ಮನೆ ಊಟ" ಅಂತ ಕರೆದುಕೊಂಡು ನೆಮ್ಮದಿಯಾಗಿರುತ್ತೇವೆ. ಮಕ್ಕಳಿಗೂ ಹಾಗೇ ಕಲಿಸುತ್ತೇವೆ. ನನ್ನ ಮಗಳ ಲೆಕ್ಕದಲ್ಲಿ ಪೂರಿ ಅನ್ನೋದು ಶನಿವಾರ ಬೆಳಗಿನ ಮಾಮೂಲಿ ತಿಂಡಿ.

ಇದರ ಜೊತೆಗೆ ಇಲ್ಲಿನದೂ ಬಂದು ಸೇರಿಕೊಳ್ಳುತ್ತದೆ. ವಲಸಿಗರು ಹಳೆ ಊಟ ಬಿಟ್ಟು ಹೊಸ ಊಟಕ್ಕೆ ಹೋಗುತ್ತಾರೆ ಅಂತ ಹೇಳುವವರು ನಮ್ಮ ಮನೆಗಳ ಅಡುಗೆಮನೆ ನೋಡಿಲ್ಲ. ಬೆಳಿಗ್ಗೆ ಸಕ್ಕರೆ ಸುರಿದ ಸೀರಿಯಲ್, ಹತ್ತು ಗಂಟೆಗೆ ಆಫೀಸಿನಲ್ಲಿ ಯಾರೋ ತಂದಿಟ್ಟ ಡೋನಟ್, ಮಧ್ಯಾಹ್ನ ಸ್ಯಾಂಡ್‌ವಿಚ್ ಜೊತೆ ಚಿಪ್ಸು, ಸಂಜೆ ಐದಕ್ಕೆ ಚಹಾ ಜೊತೆ ಚಕ್ಕುಲಿ, ರಾತ್ರಿ ಎಂಟೂವರೆಗೆ ಅನ್ನ ಸಾರು. ಸ್ಯಾಂಡ್‌ವಿಚ್ ತಿಂದದ್ದು ನಮಗೆ ಊಟ ಅನಿಸುವುದೇ ಇಲ್ಲ. ಅನ್ನ ಬಿದ್ದ ಮೇಲೇ ಹೊಟ್ಟೆಗೆ ಊಟ. ಇಲ್ಲಿನವರು ಸಂಜೆ ಆರಕ್ಕೆ ತಿಂದು ಅಡುಗೆಮನೆ ದೀಪ ಆರಿಸುತ್ತಾರೆ. ನಮಗೆ ಅವರ ತಿಂಡಿಯೂ ಬೇಕು, ನಮ್ಮ ಹೊತ್ತೂ ಬೇಕು.

"ಸ್ಪೈಸಿ ಇರತ್ತಾ?"

ಆಫೀಸಿನ ಊಟದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಟೀಮಿನವರೆಲ್ಲ ಊಟಕ್ಕೆ ಕರೆದುಕೊಂಡು ಹೋದರು. ಒಳ್ಳೆ ಜನ, ಇವತ್ತಿಗೂ ಅವರಲ್ಲಿ ಕೆಲವರು ಸ್ನೇಹಿತರು. ಮೆನು ಕೈಗೆ ಬರುವ ಮೊದಲೇ ಪಕ್ಕದಲ್ಲಿ ಕೂತವರು "ನಿನಗೆ ಇಲ್ಲಿ ತಿನ್ನೋಕೆ ಏನಾದರೂ ಇದೆಯಾ? ನಿಮ್ಮ ಊಟ ಎಲ್ಲ ತುಂಬಾ ಸ್ಪೈಸಿ ಅಲ್ವಾ?" ಅಂತ ಕಾಳಜಿಯಿಂದ ಕೇಳಿದರು. ನನಗೆ ಅವತ್ತು ಹಸಿವು ಅಷ್ಟಾಗಿ ಇರಲಿಲ್ಲ. ಸೂಪು ಸಾಕು ಅಂದುಕೊಂಡು ಹೋಗಿದ್ದೆ. ಆದರೆ ಆ ಪ್ರಶ್ನೆ ಬಂದದ್ದೇ ತಡ, ಮೆನುವಿನಲ್ಲಿದ್ದ ಅತ್ಯಂತ ಅಮೆರಿಕನ್ ಅನಿಸುವ ತಟ್ಟೆಯನ್ನು ಹುಡುಕಿ ಹೇಳಿದೆ. ಮ್ಯಾಕ್ ಅಂಡ್ ಚೀಸ್, ಜೊತೆಗೆ ಫ್ರೈಸು. ಪೂರ್ತಿ ಮುಗಿಸಿದೆ ಕೂಡ. ಬಿಟ್ಟರೆ ಇಷ್ಟ ಆಗಲಿಲ್ಲ ಅಂದುಕೊಂಡಾರು ಅಂತ.

ಇದು ನನ್ನೊಬ್ಬಳ ಹುಚ್ಚು ಅಂದುಕೊಂಡಿದ್ದಾಗ ಒಂದು ಪ್ರಯೋಗದ ವಿಷಯ ಓದಿದೆ. ಮಾಯಾ ಗುಂಡೆಲ್‌ಮನ್, ಸಪ್ನಾ ಚೆರಿಯನ್, ಬೆನುವಾ ಮೋನಾ ಅನ್ನೋ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ್ದು. ಏಷ್ಯಾ ಮೂಲದ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮೊದಲು "ನಿನಗೆ ಇಂಗ್ಲಿಷ್ ಬರುತ್ತಾ?" ಅಂತ ಕೇಳಿದರು. ಆಮೇಲೆ ಇಷ್ಟದ ತಿಂಡಿ ಯಾವುದು ಅಂತ ಬರೆಸಿದರು. ಆ ಪ್ರಶ್ನೆ ಕೇಳಿಸಿಕೊಂಡವರು ಪಕ್ಕಾ ಅಮೆರಿಕನ್ ತಿಂಡಿಯ ಹೆಸರು ಹೇಳುವುದು ಉಳಿದವರಿಗಿಂತ ಮೂರು ಪಟ್ಟು ಜಾಸ್ತಿ ಇತ್ತು. ಬಿಳಿಯ ವಿದ್ಯಾರ್ಥಿಗಳಿಗೆ ಅದೇ ಪ್ರಶ್ನೆ ಹಾಕಿದರೆ ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ "ಇದರಲ್ಲಿ ಭಾಗವಹಿಸಲು ಅಮೆರಿಕನ್ ಆಗಿರಬೇಕು" ಅಂತ ಒಂದು ಮಾತು ಎಸೆದು, ನಂತರ ಊಟ ಆರ್ಡರ್ ಮಾಡಲು ಬಿಟ್ಟರು. ಆ ಮಾತು ಕೇಳಿದವರು ತರಿಸಿಕೊಂಡು ತಿಂದದ್ದರಲ್ಲಿ ಸರಾಸರಿ 182 ಕ್ಯಾಲರಿ ಜಾಸ್ತಿ ಇತ್ತು.

182 ಕ್ಯಾಲರಿ ದೊಡ್ಡದೇನಲ್ಲ, ಒಂದೂವರೆ ಚಪಾತಿ ಅಂದುಕೊಳ್ಳಿ. ನನಗೆ ಅಚ್ಚರಿ ಆದದ್ದು ಆ ಮಾತು ಎಷ್ಟು ಸಣ್ಣದು ಅನ್ನೋದಕ್ಕೆ. ಇಂಥ ಮಾತು ವಲಸಿಗರ ಕಿವಿಗೆ ದಿನಕ್ಕೆ ಎಷ್ಟು ಸಲ ಬೀಳುತ್ತದೆ? ಎಲ್ಲಿಯವಳು, ನಿಜವಾಗಿ ಎಲ್ಲಿಯವಳು, ಹೆಸರು ಇನ್ನೊಮ್ಮೆ ಹೇಳು, ಇಂಗ್ಲಿಷ್ ಚೆನ್ನಾಗಿ ಮಾತಾಡ್ತೀಯ. ಯಾರೂ ಕೆಟ್ಟದ್ದು ಬಯಸಿ ಕೇಳುವುದಿಲ್ಲ. ಪ್ರತಿ ಸಲ ನಾವು ಬರ್ಗರ್ ತಿನ್ನುವುದೂ ಇಲ್ಲ. ಆದರೆ ಮಧ್ಯಾಹ್ನ ಬ್ರೇಕ್ ರೂಮಿನಲ್ಲಿ ಒಗ್ಗರಣೆ ವಾಸನೆ ಹರಡೀತು ಅಂತ ಡಬ್ಬಿಯನ್ನು ಬಿಟ್ಟುಬರುವವರು, ಡಬ್ಬಿ ತಂದರೂ ಕಾರಿನಲ್ಲಿ ಕೂತು ತಿನ್ನುವವರು ನನಗೆ ಗೊತ್ತು. ಡಬ್ಬಿ ಬಿಟ್ಟ ದಿನ ಹೊಟ್ಟೆಗೆ ಹೋಗುವುದು ಕೆಳಗಿನ ಕೆಫೆಯ ಸ್ಯಾಂಡ್‌ವಿಚ್ಚೇ ತಾನೆ. ಸಾಲದ್ದಕ್ಕೆ ಸಂಜೆ ಮನೆಗೆ ಬಂದ ಮೇಲೆ, ಹಗಲೆಲ್ಲ ಇನ್ನೊಬ್ಬರ ಥರ ಇದ್ದದ್ದಕ್ಕೆ ಪರಿಹಾರ ಅನ್ನೋ ಹಾಗೆ, ಆ ಡಬ್ಬಿಯೂ ಖಾಲಿಯಾಗುತ್ತದೆ.

ಅಪ್ಪನ ವಾಕಿಂಗ್

ಡಲ್ಲಾಸ್ ಸುತ್ತಲಿನ ಊರುಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಮನೆಗಳ ಬಡಾವಣೆ ಒಂದು ಕಡೆ, ಅಂಗಡಿಗಳೆಲ್ಲ ಇನ್ನೊಂದು ಕಡೆ, ನಡುವೆ ಆರು ಲೇನಿನ ರಸ್ತೆ. ಅಪ್ಪ ಅಮ್ಮನ ಜೊತೆ ಬಂದಿದ್ದಾಗ ಮೂರನೆಯ ದಿನವೇ ಬೆಳಿಗ್ಗೆ ಎದ್ದು "ಹಾಲು ತಂದುಬಿಡ್ತೀನಿ" ಅಂತ ಹೊರಟರು. ಊರಲ್ಲಿ ಅವರಿಗೆ ಅದು ಮೂವತ್ತು ವರ್ಷದ ಅಭ್ಯಾಸ. ಹಾಲು, ಪೇಪರ್, ದಾರಿಯಲ್ಲಿ ಇಬ್ಬರು ಮೂವರ ಜೊತೆ ಮಾತು, ಮೆಟ್ಟಿಲು ಹತ್ತಿ ವಾಪಸ್. ಅದನ್ನು ಅವರು ವ್ಯಾಯಾಮ ಅಂತ ಎಂದೂ ಕರೆದವರಲ್ಲ. ಇಲ್ಲಿ ಬಡಾವಣೆಯ ಗೇಟು ದಾಟಿದ ಮೇಲೆ ಫುಟ್‌ಪಾತ್ ಮುಗಿದುಹೋಯಿತು. ಹುಲ್ಲಿನ ಮೇಲೆ ನಡೆಯುತ್ತಾ ಹೋದರು. ಒಂದು ಕಾರು ನಿಧಾನ ಮಾಡಿ, ಗಾಜು ಇಳಿಸಿ, "ಸರ್, ನೀವು ಸರಿ ಇದ್ದೀರಾ? ಎಲ್ಲಿಗಾದರೂ ಬಿಡಬೇಕಾ?" ಅಂತ ಕೇಳಿತು. ಅಪ್ಪ ಬಹಳ ಸಂಕೋಚದಿಂದ "ನೋ ನೋ, ವಾಕಿಂಗ್" ಅಂದರಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾರು. ಹಾಲಿಲ್ಲದೆ ವಾಪಸ್ ಬಂದರು. "ಈ ಊರಲ್ಲಿ ನಡೆಯೋನು ಅಂದ್ರೆ ಏನೋ ತೊಂದರೆಯಲ್ಲಿರೋನು ಅಂತ ಅಲ್ವೇನಮ್ಮ?" ಅಂದರು.

ಆಮೇಲೆ ಅವರು ಬಡಾವಣೆಯೊಳಗೇ ಸುತ್ತು ಹಾಕಲು ಶುರು ಮಾಡಿದರು. ಟೆಕ್ಸಸ್ ಬಿಸಿಲು ಏರಿದ ಮೇಲೆ ಅದೂ ನಿಂತಿತು. ವಿಸಿಟರ್ ವೀಸಾದ ಆರು ತಿಂಗಳು ಮುಗಿಸಿ ಹೊರಡುವ ದಿನ, ಬರುವಾಗ ಹಾಕಿಕೊಂಡು ಬಂದಿದ್ದ ಪ್ಯಾಂಟಿನ ಹುಕ್ಕು ಬೀಳಲಿಲ್ಲ. ಊರಿಗೆ ಹೋಗಿ ಎರಡು ಮೂರು ತಿಂಗಳಿಗೆ "ಪ್ಯಾಂಟು ಮತ್ತೆ ಸರಿಯಾಯ್ತು" ಅಂತ ಫೋನಿನಲ್ಲಿ ಹೇಳಿದರು. ಅವರೇನೂ ಡಯಟ್ ಮಾಡಲಿಲ್ಲ. ಹಾಲು ತರಲು ಹೋದರು, ಅಷ್ಟೇ.

ಹೆಂಗಸರ ಬಗ್ಗೆ ನನ್ನ ಊಹೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿಗೆ ಸೇರುತ್ತದೆ. ಗಂಡನ ಕೆಲಸದ ವೀಸಾದ ಬೆನ್ನಿಗೆ ಎಚ್-4 ವೀಸಾದಲ್ಲಿ ಬಂದವರು ನನ್ನ ಪರಿಚಯದಲ್ಲಿ ಬಹಳ ಜನ. ಊರಲ್ಲಿ ಇಂಜಿನಿಯರ್ ಆಗಿದ್ದವರು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಅವರಿಗೆ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. 2015ರ ಮೇ ತಿಂಗಳಿನಿಂದ, ಗ್ರೀನ್ ಕಾರ್ಡ್ ದಾರಿಯಲ್ಲಿ ಒಂದು ಹಂತ ದಾಟಿದವರ ಗಂಡ ಅಥವಾ ಹೆಂಡತಿಗೆ ಕೆಲಸದ ಪರವಾನಗಿ ಸಿಗತೊಡಗಿತು. ಉಳಿದವರಿಗೆ ಇಲ್ಲ. ಡ್ರೈವಿಂಗ್ ಬರುವ ತನಕ ಹೊರಗೆ ಹೋಗುವ ಹಾಗೂ ಇಲ್ಲ. ಬಂದರೂ ಒಂದೇ ಕಾರು, ಅದು ಗಂಡನ ಆಫೀಸಿನಲ್ಲಿ. ದಿನವಿಡೀ ಮನೆ, ಫ್ರಿಜ್ಜು, ಫೋನು. ಊರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ನಡುರಾತ್ರಿ. ಅಡುಗೆ ಒಂದೇ ಕೈಗೆ ಸಿಗುವ ಕೆಲಸ, ಮೆಚ್ಚುಗೆ ಸಿಗುವ ಕೆಲಸವೂ ಅದೊಂದೇ. ಒಬ್ಬ ಗೆಳತಿ ಹೇಳಿದ್ದಳು, ಮೊದಲ ವರ್ಷ ಮೈಸೂರುಪಾಕು ಹದ ಬರುವ ತನಕ ಬಿಡಲಿಲ್ಲ ಅಂತ. ಹದ ತಪ್ಪಿದ್ದನ್ನೆಲ್ಲ ತಿಂದವರು ಯಾರು ಅಂತ ನಾನು ಕೇಳಲಿಲ್ಲ. ಹತ್ತು ವರ್ಷದಲ್ಲಿ ಹೆಂಗಸರು ಇಲ್ಲಿನ ಮಟ್ಟ ಮುಟ್ಟುತ್ತಾರೆ ಅನ್ನೋ ಆ ಲೆಕ್ಕ ಎಲ್ಲ ದೇಶದ ವಲಸಿಗರದ್ದು, ಅದರ ಹಿಂದೆ ನೂರು ಕಾರಣ ಇರಬಹುದು. ನನ್ನ ಕಣ್ಣಿಗೆ ಕಾಣುವುದು ಇದು.

ನಾರ್ಮಲ್ ಅಂದ ಡಾಕ್ಟರು

ವರ್ಷದ ಚೆಕಪ್‌ಗೆ ಹೋದಾಗ ನಮ್ಮ ಮೊದಲ ಡಾಕ್ಟರು ಚಾರ್ಟ್ ನೋಡಿ, "ಬಿಎಂಐ 24, ನಾರ್ಮಲ್, ಹೀಗೇ ಇರಿ" ಅಂತ ನನ್ನ ಗಂಡನಿಗೆ ಹೇಳಿ ಕಳಿಸಿದ್ದರು. (ಬಿಎಂಐ ಅಂದರೆ ಎತ್ತರಕ್ಕೆ ತಕ್ಕಷ್ಟು ತೂಕ ಇದೆಯಾ ಅಂತ ನೋಡುವ ಲೆಕ್ಕ.) ಇವರು ಖುಷಿಯಾಗಿ ಬರುವಾಗ ದಾರಿಯಲ್ಲಿ ಚಾಟ್ ಕೊಡಿಸಿದರು. ವಿಮೆ ಬದಲಾಗಿ ಬೇರೆ ಡಾಕ್ಟರ ಹತ್ತಿರ ಹೋದಾಗ ಆಕೆ, ಅದೇ ತೂಕಕ್ಕೆ, ಎ1ಸಿ ಅನ್ನೋ ರಕ್ತದ ಸಕ್ಕರೆಯ ಪರೀಕ್ಷೆ ಬರೆದುಕೊಟ್ಟರು. 5.9 ಬಂತು. 5.7ರಿಂದ 6.4ರ ತನಕ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಹೊಟ್ಟೆಯ ಸುತ್ತ ಸ್ವಲ್ಪ ಬಂದಿದೆ ಅನ್ನೋದು ಬಿಟ್ಟರೆ ಇವರು ನೋಡಲು ದಪ್ಪ ಇಲ್ಲವೇ ಇಲ್ಲ.

ನಮ್ಮ ಮೈಯ ಈ ಮೋಸಕ್ಕೆ ಒಂದು ಪ್ರಸಿದ್ಧ ಫೋಟೋ ಇದೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡದ್ದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್ ಅವರದ್ದು ಶೇಕಡಾ 9.1, ಯಾಜ್ಞಿಕ್ ಅವರದ್ದು ಶೇಕಡಾ 21.2. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, ಏಷ್ಯಾದ ಜನರಿಗೆ 23ರಿಂದಲೇ ಎಚ್ಚರಿಕೆ ಬೇಕು ಅಂದರು. ಅಮೆರಿಕದ ಡಯಾಬಿಟೀಸ್ ಸಂಘ ಏಷ್ಯಾ ಮೂಲದವರನ್ನು 25ರ ಬದಲು 23ಕ್ಕೇ ಪರೀಕ್ಷೆ ಮಾಡಿ ಅಂತ 2015ರಲ್ಲಿ ಹೇಳಿತು. 170 ಸೆಂಟಿಮೀಟರ್ ಎತ್ತರದವರಿಗೆ ಲೆಕ್ಕ ಹಾಕಿದರೆ 25 ಅಂದರೆ 72 ಕಿಲೋ, 23 ಅಂದರೆ 66 ಚಿಲ್ಲರೆ. ನಡುವಿನ ಆ ಆರು ಕಿಲೋದಲ್ಲಿ ನಮ್ಮ ಪರಿಚಯದ ಅರ್ಧ ಜನ ನಿಂತಿದ್ದಾರೆ. ಎಲ್ಲರ ಚಾರ್ಟಿನಲ್ಲೂ ನಾರ್ಮಲ್ ಅಂತಲೇ ಇರುತ್ತದೆ.

ಸಮುದ್ರ ದಾಟಲೇಬೇಕಾ

ಇಷ್ಟೆಲ್ಲ ಆದ ಮೇಲೆ, ಇದು ಅಮೆರಿಕದ ಮಾತೇನಾ ಅಂತ ನನಗೇ ಅನುಮಾನ. 2005ರಿಂದ 2007ರ ನಡುವೆ ನಮ್ಮ ದೇಶದೊಳಗೇ ಒಂದು ದೊಡ್ಡ ವಲಸೆ ಅಧ್ಯಯನ ನಡೆದಿತ್ತು. ಬೆಂಗಳೂರು, ಹೈದರಾಬಾದ್, ನಾಗಪುರ, ಲಕ್ನೋದ ನಾಲ್ಕು ಕಾರ್ಖಾನೆಗಳು. ಬೆಂಗಳೂರಿನದು ಎಚ್‌ಎಂಟಿ. ಹಳ್ಳಿಯಿಂದ ಬಂದು ಕೆಲಸಕ್ಕೆ ಸೇರಿದವರನ್ನು, ಹಳ್ಳಿಯಲ್ಲೇ ಉಳಿದ ಅವರ ಅಣ್ಣತಮ್ಮ ಅಕ್ಕತಂಗಿಯರ ಜೊತೆ ಹೋಲಿಸಿ ನೋಡಿದರು. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಒಲೆಯ ಅಡುಗೆ ತಿಂದು ಬೆಳೆದವರು. ಭಾರತಕ್ಕೆ ಹೊಂದುವ ಅಳತೆಯಲ್ಲಿ, ಅಂದರೆ ಬಿಎಂಐ 25 ದಾಟಿದರೆ ಬೊಜ್ಜು ಅಂತ ಲೆಕ್ಕ ಹಿಡಿದು ನೋಡಿದಾಗ, ಹಳ್ಳಿಯ ಗಂಡಸರಲ್ಲಿ ಶೇಕಡಾ 19 ಜನಕ್ಕೆ ಬೊಜ್ಜು. ಪಟ್ಟಣಕ್ಕೆ ಬಂದವರಲ್ಲಿ ಸುಮಾರು 38. ಪಟ್ಟಣದಲ್ಲೇ ಹುಟ್ಟಿದವರಲ್ಲಿ ಸುಮಾರು 42. ಸಕ್ಕರೆ ಕಾಯಿಲೆಯೂ ಪಟ್ಟಣ ಸೇರಿದವರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಇವರಿಗೆ ಯಾರೂ "ಇಂಗ್ಲಿಷ್ ಬರುತ್ತಾ" ಅಂತ ಕೇಳಿರಲಿಲ್ಲ. ಪಾಸ್‌ಪೋರ್ಟ್ ಬೇಕಿರಲಿಲ್ಲ. ಬಸ್ಸು ಹತ್ತಿ ಬಂದಿದ್ದರು. ತಿಂಗಳ ಸಂಬಳ ಬಂತು, ಹೊಲದ ಕೆಲಸ ತಪ್ಪಿತು. ಅಡ್ಡಿಗಳು ಹಳ್ಳಿಯಲ್ಲೇ ಉಳಿದವು.

ಅಡ್ಡಿಗಳನ್ನು ವಾಪಸ್ ತಂದರೆ ಏನಾಗುತ್ತದೆ ಅನ್ನೋದಕ್ಕೂ ಒಂದು ಹಳೆ ಪ್ರಯೋಗ ಇದೆ. 1982ರಲ್ಲಿ ಆಸ್ಟ್ರೇಲಿಯಾದ ಕೆರಿನ್ ಓಡಿಯಾ ಅನ್ನೋ ಸಂಶೋಧಕಿ, ಸಕ್ಕರೆ ಕಾಯಿಲೆ ಇದ್ದ ಹತ್ತು ಮಂದಿ ಮೂಲನಿವಾಸಿಗಳ ಜೊತೆ ಅವರ ಹಳೆಯ ನೆಲಕ್ಕೆ ಹೋದರು. ಏಳು ವಾರ ಬೇಟೆಯಾಡಿ, ಗೆಡ್ಡೆ ಅಗೆದು, ಮೀನು ಹಿಡಿದು ಬದುಕಿದರು. ಸರಾಸರಿ ಎಂಟು ಕಿಲೋ ಇಳಿದರು, ರಕ್ತದ ಸಕ್ಕರೆ ಬಹಳ ಸುಧಾರಿಸಿತು. ಎಲ್ಲರೂ ಅದನ್ನು ಹಳೆ ಊಟದ ಮಹಿಮೆ ಅಂತ ಹೇಳುತ್ತಾರೆ. ಇರಬಹುದು. ಆದರೆ ಅಲ್ಲಿ ಪ್ರತಿ ತುತ್ತಿಗೂ ನಡೆಯಬೇಕಿತ್ತು, ಹುಡುಕಬೇಕಿತ್ತು, ಸಿಕ್ಕದ್ದನ್ನು ಹಂಚಿಕೊಳ್ಳಬೇಕಿತ್ತು. ಅದೇ ಮಾಂಸವನ್ನು ಪ್ಯಾಕೆಟ್ ಮಾಡಿ ಫ್ರೀಜರ್ ಸಾಲಿನಲ್ಲಿ ಇಟ್ಟಿದ್ದರೆ ಎಂಟು ಕಿಲೋ ಇಳಿಯುತ್ತಿತ್ತಾ? ನನಗೆ ನಂಬಿಕೆ ಇಲ್ಲ.

ಹಂಚಿಕೊಳ್ಳುವ ಮಾತು ಬಂತಲ್ಲ, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಪಾನಿ ಕುಟುಂಬಗಳ ಬಗ್ಗೆ ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ 1976ರಲ್ಲಿ ಬರೆದ ಪ್ರಬಂಧ ಅದು. ತೂಕದ್ದಲ್ಲ, ಹೃದಯದ ಕಾಯಿಲೆಯದ್ದು. ತಮ್ಮ ಜನರ ಜೊತೆ ಹಳೆಯ ರೀತಿಯ ಒಡನಾಟ ಇಟ್ಟುಕೊಂಡವರಲ್ಲಿ ಹೃದಯದ ಕಾಯಿಲೆ ಜಪಾನಿನಷ್ಟೇ ಕಡಿಮೆ ಇತ್ತು. ಇಲ್ಲಿನ ಥರವೇ ಆಗಿಹೋದವರಲ್ಲಿ ಮೂರರಿಂದ ಐದು ಪಟ್ಟು. ಊಟ, ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದ ಮೇಲೂ ಆ ಅಂತರ ಪೂರ್ತಿ ಕರಗಲಿಲ್ಲ. ಜೊತೆಗೆ ಜನ ಇರುವುದು ಒಳ್ಳೆಯದು ಅಂತ ಇದನ್ನು ಓದಿ ನಾನು ತಲೆಯಾಡಿಸಿದೆ. ಆಮೇಲೆ ನಮ್ಮ ಶನಿವಾರಗಳು ನೆನಪಾದವು.

ಶನಿವಾರದ ಟ್ರೇಗಳು

ನಮ್ಮ ಒಡನಾಟ ನಡೆಯುವುದೇ ಊಟದ ಮೇಲೆ. ಹುಟ್ಟುಹಬ್ಬ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಏನೂ ಇಲ್ಲದಿದ್ದರೆ "ಸುಮ್ನೆ ಸೇರೋಣ". ಆರೂವರೆಗೆ ಕರೆದರೆ ಏಳೂವರೆಗೆ ಜನ ಸೇರುತ್ತಾರೆ. ಗೋಬಿ ಮಂಚೂರಿ, ಕಟ್ಲೆಟ್, ಮಿರ್ಚಿ ಬಜ್ಜಿ, ಚಿಪ್ಸು. ಇದಕ್ಕೆ ಅಪಿಟೈಜರ್ ಅಂತ ಹೆಸರು, ಹಸಿವು ಹೆಚ್ಚಿಸಲಂತೆ. ಮಕ್ಕಳಿಗೆ ಬೇರೆ ಪಿಜ್ಜಾ. ಹತ್ತು ಗಂಟೆಗೆ ಊಟದ ಟ್ರೇಗಳ ಮೇಲಿನ ಅಲ್ಯುಮಿನಿಯಂ ಹಾಳೆ ತೆರೆದುಕೊಳ್ಳುತ್ತದೆ. ಇಪ್ಪತ್ತು ಜನಕ್ಕೆ ನಲವತ್ತು ಜನದಷ್ಟು ಅಡುಗೆ. ಕಡಿಮೆ ಬಿದ್ದರೆ ಮರ್ಯಾದೆ ಏನಾಗಬೇಕು? ಹೊರಡುವಾಗ ಬಾಗಿಲ ಬಳಿ ಡಬ್ಬಿಗಳು ಕಾಯುತ್ತಿರುತ್ತವೆ. ಬೇಡ ಅನ್ನುವ ಹಾಗಿಲ್ಲ. ನಮ್ಮ ಮಂಗಳವಾರದ ಜಾಮೂನು ಬಂದದ್ದು ಅಲ್ಲಿಂದಲೇ. ಆದರೆ ಈ ಮನೆಗಳು ಇಲ್ಲದಿದ್ದರೆ ನಾವು ಇಲ್ಲಿ ಇಷ್ಟು ವರ್ಷ ಇರುತ್ತಿದ್ದೆವಾ ಅನ್ನೋದೂ ಅನುಮಾನ. ಮಗಳು ಹುಟ್ಟಿದಾಗ, ಅಮ್ಮನಿಗೆ ವೀಸಾ ಸಿಗದೆ ಇದ್ದಾಗ, ತಿಂಗಳುಗಟ್ಟಲೆ ಬಾಣಂತಿ ಊಟ ತಂದುಕೊಟ್ಟವರು ಇದೇ ಜನ. ಅವರ ಡಬ್ಬಿಯನ್ನು ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?

ಎ1ಸಿ ಬಂದ ಮೇಲೆ ಮನೆಯೊಳಗೆ ಕೆಲವು ಅಡ್ಡಿಗಳನ್ನು ನಾವೇ ಹಾಕಿಕೊಂಡಿದ್ದೇವೆ. ಫ್ರೀಜರಿನಲ್ಲಿ ಪರೋಟ ಇಲ್ಲ, ಬೇಕಾದವರು ಲಟ್ಟಿಸಿಕೊಳ್ಳಬೇಕು. ಗೋಡಂಬಿ ಡಬ್ಬಿ ಮೇಲಿನ ಕಪಾಟಿಗೆ ಹೋಗಿದೆ, ಸ್ಟೂಲ್ ಹಾಕಿಕೊಂಡು ಹತ್ತಬೇಕು. ತೆಂಗಿನಕಾಯಿಯನ್ನು ಒಡೆದು ತುರಿಯಬೇಕು ಅನ್ನೋ ನಿಯಮ ಮಾತ್ರ ಬೇಗ ಬಿದ್ದುಹೋಯಿತು, ಇಲ್ಲಿ ಸಿಗುವ ಕಾಯಿಗಳಲ್ಲಿ ಅರ್ಧ ಕೊಳೆತಿರುತ್ತವೆ. ಇವರು ರಾತ್ರಿ ಊಟವಾದ ಮೇಲೆ ಬಡಾವಣೆಯೊಳಗೆ ಸುತ್ತು ಹಾಕುತ್ತಾರೆ. ಕಾರಿನವರು ಈಗ ನಿಲ್ಲಿಸಿ ಕೇಳುವುದಿಲ್ಲ, ಕೈ ಬೀಸಿ ಹೋಗುತ್ತಾರೆ. ಎ1ಸಿ ಸ್ವಲ್ಪ ಇಳಿದಿದೆ.

ಹೊರಗಿನದ್ದು ಇನ್ನೂ ಬಗೆಹರಿದಿಲ್ಲ. ಹೋದ ತಿಂಗಳು ಗುಂಪಿನಲ್ಲಿ ಮೆಲ್ಲಗೆ ಮಾತು ತೆಗೆದೆ, ಇನ್ನು ಮೇಲೆ ಅಪಿಟೈಜರ್ ಬೇಡ, ಏಳೂವರೆಗೇ ನೇರ ಊಟಕ್ಕೆ ಕೂರೋಣ ಅಂತ. ಎಲ್ಲರೂ ಒಳ್ಳೆ ಐಡಿಯಾ ಅಂದರು. ಅದರ ಮುಂದಿನ ಪಾರ್ಟಿಯಲ್ಲಿ ಅಪಿಟೈಜರೂ ಇತ್ತು, ಊಟ ಮಾತ್ರ ಅರ್ಧ ಗಂಟೆ ಬೇಗ ಬಂತು. ಬರುವ ಶನಿವಾರ ನಮ್ಮ ಮನೆ ಸರದಿ. ಎರಡು ಬಗೆ ಸಾಕು, ಒಂದು ಹೆಸರುಬೇಳೆ ಕೋಸಂಬರಿ, ಇನ್ನೊಂದು ಚುರುಮುರಿ ಅಂತ ನಾನು. ಜನ ಏನಂದುಕೊಳ್ಳುತ್ತಾರೆ, ನಾಲ್ಕಾದರೂ ಬೇಡವಾ ಅಂತ ಇವರು. ಸದ್ಯಕ್ಕೆ ಮೂರಕ್ಕೆ ಬಂದು ನಿಂತಿದೆ. ಮೂರನೆಯದು ಮಿರ್ಚಿ ಬಜ್ಜಿ.